ಹಳಸದ ಸ್ತೋತ್ರ

ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ನನ್ನ ಗೆಳೆಯ ಮಂಗಳವಾರ ಮಧ್ಯಾಹ್ನ ಊಟ ಮಾಡಿ ಮಲಗಿದವನು ನಿದ್ದೆಯಲ್ಲೇ ತೀರಿಕೊಂಡ.

ಊಟಕ್ಕೆ ಮುಂಚೆ ದೇವರಿಗೆ ಸ್ತೋತ್ರ ಹೇಳುವಾಗ, ಅಂದು ನಿಜವಾಗಿ ಮನಸ್ಸಿಗೆ ತಟ್ಟಿದ ಒಂದು ಸಂಗತಿ ಸಿಗುವ ತನಕ ಅವನು ಕಣ್ಣು ಬಿಡುತ್ತಿರಲಿಲ್ಲ. ಒಮ್ಮೆ ಅಂಟು ಚೆನ್ನಾಗಿ ಹಿಡಿದದ್ದಕ್ಕೆ, ಒಮ್ಮೆ ಅಂಗಡಿಯ ಕಿಟಕಿಗೆ ಬಂದ ಬಿಸಿಲಿಗೆ. ತಟ್ಟೆಯ ಮುಂದೆ ನಾನೂ ಎಷ್ಟೋ ಸಲ ಹಸಿದು ಕೂತಿದ್ದೇನೆ.

“ಊಟ ಆರಿ ಹೋಯ್ತು. ನಿನ್ನೆ ಹೇಳಿದ್ದನ್ನೇ ಹೇಳಿ ಮುಗಿಸ್ಬಾರ್ದಾ?” ಎನ್ನುತ್ತಿದ್ದರು ಅವನ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುವವರು.

“ಹಳಸಿದ್ದನ್ನ ದೇವರಿಗೆ ಬಡಿಸ್ಲಾ?”

ಕಳೆದ ತಿಂಗಳು ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಅಂದಿನಿಂದ ಕಣ್ಣು ಮುಚ್ಚಿ, “ಇವತ್ತು ಏನೂ ಸಿಗ್ಲಿಲ್ಲ ಕರ್ತನೇ, ಸುಳ್ಳು ಹೇಳಲ್ಲ,” ಎಂದಷ್ಟೇ ಹೇಳುತ್ತಿದ್ದ.

“ಇವರ ನಂಬಿಕೆನೇ ಹೋಯ್ತೇನೋ,” ಎಂದು ಅತ್ತಿಗೆ ನನ್ನೆದುರು ಅತ್ತರು.

“ನಂಬಿಕೆ ಹೋದವನು ಆ ಮಾತನ್ನ ಯಾರಿಗೆ ಹೇಳ್ತಾನೆ ಅತ್ತಿಗೆ?” ಎಂದೆ. ಆದರೂ ನನಗೂ ಭಯವಿತ್ತು.

ಆ ಮಂಗಳವಾರ ಮಧ್ಯಾಹ್ನ ಅತ್ತಿಗೆ ಚಮಚದಲ್ಲಿ ಉಣಿಸುತ್ತಿದ್ದರು. ಮೂರನೆಯ ತುತ್ತಿಗೆ ಅವನು ಎಡಗೈ ಎತ್ತಿ ತಡೆದು ಕಣ್ಣು ಮುಚ್ಚಿದ.

“ಬಾಯಿ ಸುಡುತ್ತೆ ಅಂತ ಒಂದೊಂದು ತುತ್ತನ್ನೂ ಊದಿ ಕೊಡ್ತಿದಾಳೆ. ಇಷ್ಟು ದಿನ ನಾನು ನೋಡ್ಲೇ ಇಲ್ಲ. ನಿನಗೆ ಸ್ತೋತ್ರ, ಕರ್ತನೇ.”

ಆಮೇಲೆ ಕಣ್ಣು ಬಿಟ್ಟು, ತಟ್ಟೆಯಲ್ಲಿದ್ದದ್ದನ್ನೆಲ್ಲ ನಿಧಾನವಾಗಿ ಉಂಡ.