ಭಾಗೀರಥಮ್ಮನವರ ಡಿ ಡ್ರೈವ್

ಅಭಿರಾಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕೈಯಲ್ಲಿ ಒಂದು ಡಿಗ್ರಿಯೂ ಇದ್ದಾಗ, ತನ್ನ ಅಕ್ಕ ಮಧುರಾಳ ಇಡೀ ಮದುವೆಯನ್ನು ಎಂಟು ಕೆಬಿಗೆ ಇಳಿಸಿದ್ದ. ಲ್ಯಾಪ್‌ಟಾಪ್ ನಿಧಾನವಾಗಿದೆ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದು ಹೊರಟವನು ಮೊದಲು ಫೋಟೊಗಳನ್ನು ಜೋಪಾನ ಮಾಡಬೇಕೆಂದು, ಪರದೆಯ ಮೇಲಿದ್ದ 'ವರಪೂಜೆ', 'ಮುಹೂರ್ತ', 'ಆರತಕ್ಷತೆ', 'ಊಟ' ಎಂಬ ನಾಲ್ಕು ಗುರುತುಗಳನ್ನು ಪೆನ್‌ಡ್ರೈವಿಗೆ ಎಳೆದುಹಾಕಿದ. ರೆಪ್ಪೆ ಬಡಿಯುವುದರೊಳಗೆ ಕೆಲಸ ಮುಗಿಯಿತು. ಎರಡು ಸಾವಿರ ಫೋಟೊ ಇಷ್ಟು ಬೇಗ ಬಂದವಲ್ಲ, ವಿಜ್ಞಾನ ಎಷ್ಟು ಮುಂದುವರಿದಿದೆ ಎಂದುಕೊಂಡು ಉಳಿದದ್ದನ್ನೆಲ್ಲ ಅಳಿಸಿದ. ಅವು ಫೋಟೊಗಳಲ್ಲ, ಫೋಟೊ ಇರುವ ಜಾಗಕ್ಕೆ ದಾರಿ ತೋರಿಸುವ ಶಾರ್ಟ್‌ಕಟ್ಟುಗಳು ಎಂದು ತಿಳಿದದ್ದು ಆ ಜಾಗವನ್ನೇ ಕೆಡವಿದ ಮೇಲೆ. ಫೋಟೊಗ್ರಾಫರ್ ಅಷ್ಟರಲ್ಲಿ ಪ್ರಿಂಟ್ ಹಾಕಿದ್ದ ಮೂವತ್ತೆಂಟು ಚಿತ್ರಗಳು ಉಳಿದುಕೊಂಡವು. ಅವುಗಳಲ್ಲಿ ಇಪ್ಪತ್ತೊಂದರಲ್ಲಿ ಭಾವನ ಸೋದರಮಾವ ಮೂಗು ಒರೆಸಿಕೊಳ್ಳುತ್ತಿದ್ದಾರೆ.

ಅದಾದ ಮೇಲೆ ಅವನಿಗೆ ಕಂಪ್ಯೂಟರ್ ಕೆಲಸವೇ ಸಿಕ್ಕಿತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೆಟ್ಟ ಲ್ಯಾಪ್‌ಟಾಪಿನವರಿಗೆ ದಿನಕ್ಕೆ ಅರವತ್ತು ಸಲ 'ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದು ಹೇಳುವುದು. ಅವನ ಅಮ್ಮ ಶಂಕರಪುರದಲ್ಲೆಲ್ಲ ಮಗ ಕಂಪ್ಯೂಟರ್ ಎಂಜಿನಿಯರ್ ಎಂದು ಹೇಳಿಕೊಂಡು ಬಂದಿದ್ದರು. ಮತ್ತಿಕೆರೆಗೆ ಮದುವೆಯಾಗಿ ಹೋದ ಮಧುರಾ ಅಲ್ಲಿ ಬೇರೆ ಏನೋ ಹೇಳುತ್ತಿದ್ದಳು.

ಅಮ್ಮ, ಮಗ ಬಾಡಿಗೆಗಿದ್ದದ್ದು ಭಾಗೀರಥಮ್ಮನವರ ಮನೆಯ ಮಹಡಿಯಲ್ಲಿ. ಕೆಳಗಿನಿಂದ ಅವರು ನೀರಿನ ಪೈಪಿಗೆ ಸೌಟಿನಿಂದ ಎರಡು ಸಲ ಬಡಿದರೆ ಅಮ್ಮ ಇಳಿದು ಹೋಗಬೇಕು, ಮೂರು ಸಲ ಬಡಿದರೆ ಅಭಿರಾಮ. ಮೂರಕ್ಕೆ ಕಂಪ್ಯೂಟರ್ ಎಂದು ಅರ್ಥ. ಆ ಗುರುವಾರ ಬೆಳಗ್ಗೆ ಮೂರು ಸಲ ಬಡಿದರು, ಸ್ವಲ್ಪ ತಡೆದು ಮತ್ತೆ ಮೂರು ಸಲ ಬಡಿದರು.

ಭಾಗೀರಥಮ್ಮ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೂವತ್ತಮೂರು ವರ್ಷ ಗುಮಾಸ್ತೆಯಾಗಿದ್ದವರು. ಮಕ್ಕಳ ಹೆಸರು, ಅಂಕ, ಗೈರುಹಾಜರಿಗಳನ್ನು ಗಟ್ಟಿಯಾಗಿ ಓದಿ ಓದಿ ಅವರ ದನಿ ಎಷ್ಟು ನಿಖರವಾಗಿತ್ತೆಂದರೆ, ಸೊಪ್ಪು ಕೊಳ್ಳುವಾಗಲೂ ಯಾರನ್ನೋ ನಪಾಸು ಮಾಡಿದ ಹಾಗೆ ಕೇಳಿಸುತ್ತಿತ್ತು. ನಿವೃತ್ತಿಯಾದ ವರ್ಷ ಅಂಚೆ ಕಚೇರಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿಗೆ ಅರ್ಜಿ ಓದಿ ಹೇಳಿದರು. ಅವನು ಥ್ಯಾಂಕ್ಸ್ ಹೇಳುವ ಬದಲು, ಮೇಡಂ, ಹೀಗೇ ಅರ್ಥಶಾಸ್ತ್ರ ಓದಿ ಕೊಡ್ತೀರಾ ಎಂದು ಕೇಳಿದ. ಅಂದು ಶುರುವಾದದ್ದು ಒಂಬತ್ತು ವರ್ಷ ನಡೆದಿತ್ತು. ದಿನವೂ ಹತ್ತೂವರೆಗೆ, ಉಪ್ಪಿಟ್ಟು ತಿಂದು ಕಾಫಿ ಕುಡಿದು, ಹಾಸಿಗೆ ಜೋಡಿಸಿಟ್ಟ ಉಗ್ರಾಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡುತ್ತಿದ್ದರು. ಗ್ಯಾಸಿನ ಗಾಡಿ ಬಂದರೂ ನಿಲ್ಲಿಸುತ್ತಿರಲಿಲ್ಲ, ಸೊಪ್ಪಿನವಳು ಕೂಗಿದರೂ ನಿಲ್ಲಿಸುತ್ತಿರಲಿಲ್ಲ.

ಹೋದ ವರ್ಷದಿಂದ ಕೇಳುವವಳು ಶ್ರೀರಾಂಪುರದ ವಾಣಿ. ಹುಟ್ಟಿನಿಂದ ಕಣ್ಣು ಕಾಣದವಳು, ಬಿ.ಎ. ಎರಡನೆಯ ವರ್ಷ. ಸೋಮವಾರ ಅವಳಿಗೆ ಇತಿಹಾಸ ಪರೀಕ್ಷೆ, ಶನಿವಾರ ಬಂದು ಕೊನೆಯ ನಾಲ್ಕು ಅಧ್ಯಾಯಗಳನ್ನು ತೆಗೆದುಕೊಂಡು ಹೋಗಬೇಕು. ಗುರುವಾರ ಬೆಳಗ್ಗೆ, ಆ ನಾಲ್ಕರಲ್ಲಿ ಎರಡನೆಯದರ ನಡುವೆ, ವಿಜಯನಗರದ ಅರಸರು ಕೆರೆ ಕಟ್ಟಿಸುತ್ತಿದ್ದಾಗ ಲ್ಯಾಪ್‌ಟಾಪ್ ಜಾಗವಿಲ್ಲವೆಂದು ನಿಂತುಬಿಟ್ಟಿತ್ತು.

ಅಭಿರಾಮ ಅಭ್ಯಾಸಬಲದಿಂದ ಒಮ್ಮೆ ಆಫ್ ಮಾಡಿ ಆನ್ ಮಾಡಿದ. ಭಾಗೀರಥಮ್ಮ ಅದನ್ನು ನಾನೇ ನಾಲ್ಕು ಸಲ ಮಾಡಿದೀನಿ ಎಂದರು. ಆಮೇಲೆ ಅವನು ಕಸದ ಬುಟ್ಟಿಯ ಗುರುತನ್ನು ನೋಡಿದ. ಅದರಲ್ಲಿ ಒಂಬತ್ತು ಜಿಬಿ ಇತ್ತು. ಖಾಲಿ ಮಾಡಲು ಬೆರಳು ಎತ್ತಿದವನ ಮಣಿಕಟ್ಟನ್ನು ಅವರು ಹಿಡಿದುಕೊಂಡರು. ಅವರಿಗೆ ಅದು ಬುಟ್ಟಿಯಲ್ಲ, ಅಟ್ಟ. ಸದ್ಯಕ್ಕೆ ಬೇಡವಾದದ್ದನ್ನು ಎತ್ತಿಡುವ ಜಾಗ. ಪಠ್ಯಪುಸ್ತಕ ಒಮ್ಮೆ ಬದಲಾಗಿ, ಬದಲಾದದ್ದು ಮತ್ತೆ ಬದಲಾಗಿ ಹಳೆಯ ಪಾಠವೇ ವಾಪಸು ಬಂದದ್ದನ್ನು ಅವರು ಸರ್ವಿಸಿನಲ್ಲಿ ಮೂರು ಸಲ ಕಂಡಿದ್ದರು.

ಹಾಗಾದರೆ ತಪ್ಪಿ ಓದಿ ಮತ್ತೆ ಓದಿದ ಕಡೆಗಳನ್ನಾದರೂ ಕತ್ತರಿಸೋಣ ಎಂದ. ಅದೂ ಆಗದು. ವಾಣಿ ಪಾಠವನ್ನು ನೆನಪಿಡುವುದೇ ಆ ಗದ್ದಲದಿಂದ. ಹೋದ ವರ್ಷ ಕಂದಾಯ ಪದ್ಧತಿಯ ಪ್ರಶ್ನೆ ಬಂದಾಗ ಗ್ಯಾಸಿನ ಗಾಡಿಯ ಟಣಟಣ ನೆನಪಾಗಿ, ಅದರ ಹಿಂದೆ ಇಡೀ ಉತ್ತರ ಬಂದಿತ್ತಂತೆ. ಫೈಲುಗಳನ್ನು ಸಣ್ಣ ಮಾಡಬಹುದಿತ್ತು, ಆದರೆ ಸಣ್ಣ ಮಾಡಿದ್ದನ್ನು ಇಡಲೂ ಮೊದಲು ಜಾಗ ಬೇಕು. ಪೆನ್‌ಡ್ರೈವ್ ಎಂಬ ಮಾತನ್ನು ಅವನು ಆ ಮನೆಯಲ್ಲಿ ಎತ್ತುವಂತಿರಲಿಲ್ಲ. ಮಧುರಾಳ ಮದುವೆಗೆ ಭಾಗೀರಥಮ್ಮ ಹೋಗಿದ್ದರು, ಮತ್ತು ಅವರು ಯಾವ ಫೋಟೊದಲ್ಲೂ ಉಳಿದಿರಲಿಲ್ಲ.

ಆಗ ಅವನಿಗೆ ಕಂಡದ್ದು ಡಿ ಡ್ರೈವ್. ಆ ಲ್ಯಾಪ್‌ಟಾಪಿನ ಡಿಸ್ಕನ್ನು ಯಾರೋ ಎರಡು ಭಾಗ ಮಾಡಿದ್ದರು. ಸಿ ಎಂಬ ಚಿಕ್ಕ ಭಾಗದಲ್ಲಿ ವಿಂಡೋಸೂ ಒಂಬತ್ತು ವರ್ಷದ ಪಾಠಗಳೂ ಸಂತೆಯ ಬಸ್ಸಿನಂತೆ ತುಂಬಿದ್ದವು. ಡಿ ಎಂಬ ದೊಡ್ಡ ಭಾಗದಲ್ಲಿ ಮುನ್ನೂರ ನಲವತ್ತು ಜಿಬಿ ಖಾಲಿ ಬಿದ್ದಿತ್ತು. ಅಭಿರಾಮನಿಗೆ ತನ್ನ ವೃತ್ತಿಜೀವನದಲ್ಲಿ ಮೊದಲ ಸಲ ಒಂದು ಸಮಸ್ಯೆಗೆ ಉತ್ತರ ತಾನಾಗಿ ಹೊಳೆದಿತ್ತು.

"ಪಾಠ ಎಲ್ಲಾ ಎತ್ತಿ ಡಿಗೆ ಹಾಕ್ಬಿಡೋಣ, ಒಂದು ಗಂಟೆ ಕೆಲಸ," ಎಂದ.

"ಡಿ ಮುಟ್ಬೇಡ. ಅದು ಮಡಿ."

ಅವನು ಪರದೆಯನ್ನು ನೋಡಿದ, ಅವರನ್ನು ನೋಡಿದ. ಅವರು ತಮಾಷೆ ಮಾಡುತ್ತಿರಲಿಲ್ಲ. ಡಿಯಲ್ಲಿ ಇದ್ದದ್ದು ಸ್ತೋತ್ರಗಳು, ಆ ವರ್ಷದ ಪಂಚಾಂಗ, ಮನೆಯ ಹಿರಿಯರ ತಿಥಿಗಳ ಪಟ್ಟಿ. ಎಲ್ಲ ಸೇರಿ ಇನ್ನೂರು ಎಂಬಿ. ಅದನ್ನು ಸ್ನಾನ ಮಾಡಿ, ಬಾಯಿಗೆ ಏನೂ ಹಾಕಿಕೊಳ್ಳುವ ಮೊದಲು ಮಾತ್ರ ತೆರೆಯುವುದು. ಅಡುಗೆಮನೆಯಲ್ಲಿ ಮಡಿಯ ಉಪ್ಪಿನಕಾಯಿಯ ಭರಣಿ ಮೇಲಿನ ಗೂಡಿನಲ್ಲಿ, ದಿನಬಳಕೆಯದು ಕೆಳಗಿನ ಗೂಡಿನಲ್ಲಿ. ಕೆಳಗಿನದು ತುಂಬಿ ತುಳುಕಿದರೂ ಮೇಲಿನದಕ್ಕೆ ಏರುವುದಿಲ್ಲ. ನಮ್ಮತ್ತೆ ಹಾಕಿದ ಪದ್ಧತಿ ಎಂದರು. ಪಾಠಗಳೋ ಉಪ್ಪಿಟ್ಟು ತಿಂದ ಬಾಯಲ್ಲಿ ಓದಿದವು. ಅದೂ ಅಲ್ಲದೆ, ಹೋದ ವರ್ಷ ವಾಣಿಯ ವಿಜ್ಞಾನದ ಪತ್ರಿಕೆಗಾಗಿ ಮೀನಿನ ಒಳಾಂಗಗಳ ಮೇಲೆ ಒಂದು ಇಡೀ ಅಧ್ಯಾಯ ಓದಿದ್ದರು.

ಆ ಬೆಳಗ್ಗೆ ಮೂಲೆಯ ಬೇಕರಿಯಲ್ಲಿ ಎಗ್ ಪಫ್ ತಿಂದು ಬಂದಿದ್ದ ಅಭಿರಾಮ ಮೌಸಿನಿಂದ ಕೈ ತೆಗೆದ.

ಶುಕ್ರವಾರ ಅವನು ಆಫೀಸಿನಿಂದ ಬೇರೆ ಉಪಾಯ ತಂದ. ಡಿಯೊಳಗೆ ಕಾಲಿಡದೆ, ಅದರ ಖಾಲಿ ಜಾಗದಲ್ಲಿ ಸ್ವಲ್ಪ ಕತ್ತರಿಸಿ ಸಿಗೆ ಸೇರಿಸುವುದು. ಭಾಗೀರಥಮ್ಮ ಯೋಚಿಸಿ, ಭರಣಿ ಅಲುಗದಿದ್ದರೆ ಗೂಡು ಚಿಕ್ಕದಾಗಬಹುದು ಎಂದು ಒಪ್ಪಿದರು. ಡಿ ಹೇಳಿದ ಹಾಗೆ ಕುಗ್ಗಿತು. ಬಿಡುಗಡೆಯಾದ ಜಾಗ ಮಾತ್ರ ಡಿಯ ಹಿಂದುಗಡೆ ಬಿತ್ತು. ಸಿ ಇದ್ದದ್ದು ಮುಂದುಗಡೆ, ಪಕ್ಕದಲ್ಲಿ ಅಂಟಿಕೊಂಡ ಜಾಗವಲ್ಲದೆ ಬೇರೆ ಯಾವುದನ್ನೂ ಅದು ಸೇರಿಸಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ತಮ್ಮ ಹಿತ್ತಲನ್ನು ನಿಮಗೆ ಬರೆದುಕೊಟ್ಟ ಹಾಗಾಯಿತು, ಅಲ್ಲಿಗೆ ಹೋಗಲು ಅವರ ದೇವರಮನೆಯನ್ನೇ ದಾಟಬೇಕು. ಇದನ್ನೂ, ಆ ಜಾಗವನ್ನೇ ಬೇರೊಂದು ಡ್ರೈವ್ ಮಾಡಬಹುದೆಂಬುದನ್ನೂ ಅವನು ಮೊದಲೇ ತಿಳಿದಿರಬೇಕಿತ್ತು. ಸಂಬಳ ಕೊಡುತ್ತಿದ್ದದ್ದೇ ಇಂಥದ್ದನ್ನು ತಿಳಿದಿರಲಿ ಎಂದು.

ಒಂದಿಷ್ಟು ತಾತ್ಕಾಲಿಕ ಫೈಲು ಗುಡಿಸಿ ಮೂರು ಜಿಬಿ ತೆಗೆದುಕೊಟ್ಟ. ಭಾಗೀರಥಮ್ಮ ಕೆರೆ ಕಟ್ಟಿಸಿ ಮುಗಿಸಿ ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ, ವಿಂಡೋಸ್ ತನಗೆ ಬೇಕಾದ ಅಪ್‌ಡೇಟ್ ತರಿಸಿಕೊಂಡು ಉಳಿದ ಜಾಗದಲ್ಲಿ ಕಾಲು ಚಾಚಿ ಮಲಗಿತ್ತು.

ಶನಿವಾರ ಹನ್ನೊಂದು ಗಂಟೆಗೆ ವಾಣಿ ತಾಯಿ ಮುನಿಯಮ್ಮನ ತೋಳು ಹಿಡಿದುಕೊಂಡು ಬಂದಳು. ಮುನಿಯಮ್ಮ ಎಂದಿನಂತೆ ಹೊರಗಿನ ಜಗಲಿಯ ಮೇಲೆ ಕುಳಿತರು. ವಾಣಿ ಹಜಾರದ ಕುರ್ಚಿಯಲ್ಲಿ ಕುಳಿತು ಪೆನ್‌ಡ್ರೈವ್ ಚಾಚಿದಳು. ನಾಲ್ಕರಲ್ಲಿ ಎರಡೇ ಅಧ್ಯಾಯ ಇವೆ ಎಂದು ಭಾಗೀರಥಮ್ಮ ಹೇಳಿದರು. ಅಂಕಪಟ್ಟಿ ಓದುವ ಅದೇ ದನಿ, ಆದರೆ ಈ ಸಲ ನಪಾಸಾದವರು ಓದಿದ ಹಾಗಿತ್ತು.

ಉಳಿದೆರಡರಿಂದಲೇ ದೊಡ್ಡ ಪ್ರಶ್ನೆಗಳು ಬರುವುದು ಎಂದು ವಾಣಿ ಮೆಲ್ಲಗೆ ಹೇಳಿದಳು. ಮೇಡಂ ಈಗ ಬಾಯಲ್ಲೇ ಓದಿದರೆ ಒಂದು ಸಲ ಕೇಳಬಹುದು, ಆದರೆ ತನಗೆ ಹತ್ತು ಸಲ ಕೇಳಬೇಕು. ಮನೆಯಲ್ಲಿ ಓದಿ ಹೇಳುವವರಿಲ್ಲ. ಮೇಡಂ ಓದದೆ ಬಿಟ್ಟದ್ದು ಎಂದೂ ಇಲ್ಲ, ಏನಾಯಿತು ಎಂದು ಅವಳು ಅಭಿರಾಮನ ಕಡೆ ಮುಖ ತಿರುಗಿಸಿ ಕೇಳಿದಳು.

ಅವನು ಜಾಣನಾಗಿದ್ದರೆ ಅಪ್‌ಡೇಟಿನ ಮೇಲೆ ಹಾಕುತ್ತಿದ್ದ. ಆದರೆ ದಿನಕ್ಕೆ ಅರವತ್ತು ಜನರಿಗೆ ತೊಂದರೆಯನ್ನು ಬಿಡಿಸಿ ಹೇಳುವ ಚಟವಿದ್ದವನು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಸಿ ತುಂಬಿದೆ, ಡಿ ಖಾಲಿಯಿದೆ, ಡಿ ಮಡಿ, ಪಾಠ ಅಲ್ಲಿಗೆ ಹೋಗುವಂತಿಲ್ಲ.

ಜಗಲಿಯ ಮೇಲೆ ಮುನಿಯಮ್ಮ ಸೆರಗು ಸರಿಮಾಡಿಕೊಂಡು, ಹೊತ್ತಾಯ್ತು ನಡಿ ಮಗ, ಇದ್ದಷ್ಟು ಓದ್ಕೊಂಡ್ರಾಯ್ತು ಎಂದರು. ವಾಣಿ ಎದ್ದು ನಿಂತಳು.

ಭಾಗೀರಥಮ್ಮ ಒಳಗೆ ಹೋದರು. ಸ್ನಾನಕ್ಕೆ ಹೋದರೇನೋ ಎಂದು ಅಭಿರಾಮ ಅಂದುಕೊಂಡ. ನೀರಿನ ಸದ್ದು ಕೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಹಿಡಿದು ಬಂದು, ಉಪ್ಪಿಟ್ಟು ತಿಂದ ಕೈಯಲ್ಲೇ ಡಿ ತೆರೆದು, ಅವನ ಕಡೆ ತಳ್ಳಿದರು.

"ಹಾಕು. ದಾರಿ ತೋರ್ಸೋ ಬೋರ್ಡ್ ಹಾಕ್ಬೇಡ, ಪಾಠ ಹಾಕು."

ಅವನು ಎಪ್ಪತ್ತೊಂದು ಜಿಬಿಯನ್ನು ಕಾಪಿ ಮಾಡಿದ. ಐವತ್ತು ನಿಮಿಷ ಹಿಡಿಯಿತು. ಮುಗಿದ ಮೇಲೆ ಅವರು ಎರಡೂ ಕಡೆಯ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದರು, ಡಿಯಿಂದಲೇ ಐದು ಪಾಠ ತೆರೆಸಿ ತಮ್ಮ ದನಿ ಕೇಳಿದರು. ಮೀನಿನ ಅಧ್ಯಾಯವನ್ನು ವಾಣಿಯೇ ಕೇಳಿ ತೆರೆಸಿದಳು. ಆಮೇಲೆಯೇ ಸಿಯಿಂದ ಅಳಿಸಲು ಅಪ್ಪಣೆಯಾಯಿತು. ಅಳಿಸುವ ಮೊದಲು ಅವನು ಡಿಯನ್ನು ಮತ್ತೆರಡು ಸಲ ತೆರೆದು ನೋಡಿದ್ದನ್ನು ಭಾಗೀರಥಮ್ಮ ಒಬ್ಬರೇ ನೋಡಿದರು, ನೋಡಿಯೂ ಮಧುರಾಳ ಹೆಸರೆತ್ತಲಿಲ್ಲ.

ಆಮೇಲೆ ವಾಣಿಯನ್ನೂ ಮುನಿಯಮ್ಮನನ್ನೂ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ಹಾಸಿಗೆಗಳ ಮೇಲೆ ಕೂರಿಸಿ ಬಾಗಿಲು ಹಾಕಿದರು. ಅಭಿರಾಮನೂ ಒಳಗೇ ಉಳಿದ. ಎರಡು ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಿದರು. ಮೂರನೆಯದರಲ್ಲಿ ಮುನಿಯಮ್ಮ ಎರಡು ಸಲ ಕೆಮ್ಮಿದರು. ವಾಣಿ ಆ ಜಾಗವನ್ನು ಬೆರಳೆಣಿಸಿ ಗುರುತಿಟ್ಟುಕೊಂಡಳು. ನಾಲ್ಕನೆಯದರಲ್ಲಿ ಅಭಿರಾಮನ ಫೋನ್ ಹೊಡೆದುಕೊಂಡಿತು. ಸೋಮವಾರ ಆ ಭಾಗದ ಮೇಲೆ ಟಿಪ್ಪಣಿ ಬರೆಯಿರಿ ಎಂದು ಬಂದರೆ, ಫೋನ್ ಮಾಡಿದ ಅವನ ಆಫೀಸಿನ ಮ್ಯಾನೇಜರು ವಾಣಿಯ ನೆರವಿಗೆ ಬರುವವರಿದ್ದರು.

ಪೆನ್‌ಡ್ರೈವ್ ತುಂಬಿ, ಚೀಲದೊಳಗೆ ಸೇರಿ, ಚಪ್ಪಲಿಗೆ ಕಾಲು ಹುಡುಕುತ್ತಿದ್ದ ವಾಣಿ ಬಾಗಿಲಲ್ಲಿ ನಿಂತಳು.

"ಮೇಡಂ, ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನನ್ನ ಪಾಠ ಅದರೊಳಗೆ ಬರಬಾರ್ದು ಅಂತ ಯಾರು ಹೇಳಿದ್ದು?"

ಮುನಿಯಮ್ಮ ಮಗಳ ತೋಳನ್ನು ಚಿವುಟಿದರು. ಅತ್ತೆಯವರ ಹೆಸರು ಬರುತ್ತದೆಂದು ಅಭಿರಾಮ ಗೋಡೆಯ ಮೇಲಿನ ಅವರ ಫೋಟೊವನ್ನು ನೋಡಿದ. ಭಾಗೀರಥಮ್ಮ ಕನ್ನಡಕ ತೆಗೆದರು.

"ಯಾರೂ ಹೇಳಿಲ್ಲ. ನಮ್ಮತ್ತೆ ಲ್ಯಾಪ್‌ಟಾಪೇ ನೋಡಿರ್ಲಿಲ್ಲ. ನಾನೇ ಮಾಡ್ಕೊಂಡಿದ್ದು."