ಎರಡನೆಯ ಚೊಚ್ಚಲು

ಜುನಿತಾ ಮಲೈಟಾ ದ್ವೀಪದ ದಕ್ಷಿಣ ತುದಿಯವಳು. ಹತ್ತೊಂಬತ್ತರಲ್ಲಿ, ಮರದ ದಿಮ್ಮಿ ಸಾಗಿಸುವ ಹಡಗಿನವನೊಬ್ಬನನ್ನು ನಂಬಿ ಬಸುರಾದಳು. ಏಳು ತಿಂಗಳಿಗೇ ಹುಟ್ಟಿದ ಗಂಡುಮಗು ಸಂಜೆಯವರೆಗೂ ಉಳಿಯಲಿಲ್ಲ. ಹಡಗಿನವನೂ ಮರಳಲಿಲ್ಲ. ತವರಿನವರು ಬಾಯಿಗೆ ಬೀಗ ಹಾಕಿಕೊಂಡು, ದೂರದ ಊರಿನ ಸೆಲ್ವಿನ್‌ಗೆ ಅವಳನ್ನು ಕೊಟ್ಟು ಮದುವೆ ಮಾಡಿದರು.

ಮತ್ತೆ ಬಸುರಾದಾಗ ಅತ್ತೆ ಮರಿಯೆಟಾ ತಾನೇ ದೋಣಿ ನಡೆಸಿಕೊಂಡು ದವಾಖಾನೆಗೆ ಕರೆದೊಯ್ದಳು. ಉದ್ದನೆಯ ಸಾಲಿನಲ್ಲಿ ಮುಂದಿದ್ದ ಹೆಂಗಸಿಗೆ ನರ್ಸ್ ಫ್ರೀಡಾ ಹೇಳುತ್ತಿದ್ದುದು ಜುನಿತಾಳ ಕಿವಿಗೆ ಬಿತ್ತು.

"ಒಂದ್ಸಲ ದಿನ ತುಂಬದೆ ಹೆತ್ತೋರಿಗೆ ಮತ್ತೂ ಹಂಗೇ ಆಗೋ ಭಯ ಜಾಸ್ತಿ ಕಣಮ್ಮ. ಆರು ತಿಂಗಳು ತುಂಬ್ತಿದ್ದಂಗೆ ಪಟ್ಟಣಕ್ಕೆ ಹೋಗಿ ಇದ್ದುಬಿಡು. ಅಂಥ ಕೂಸನ್ನ ಉಳಿಸೋಕೆ ಬೇಕಾದ್ದೆಲ್ಲ ಅಲ್ಲೇ ಇರೋದು."

ಜುನಿತಾಳ ಸರದಿ ಬಂತು.

"ಹಿಂದೆ ಹೆರಿಗೆ ಆಗಿದ್ಯಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನಕ್ಕಳು. "ಎಲ್ಲಿ ಸಿಸ್ಟರ್! ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಚೊಚ್ಚಲು."

ಜುನಿತಾ ಹೌದೆಂದು ತಲೆಯಾಡಿಸಿದಳು. ನಿಜ ಹೇಳಿದರೆ ಅತ್ತೆ ಮನೆಯಿಂದಲೇ ಅಟ್ಟಿಯಾಳೆಂಬ ಹೆದರಿಕೆ.

ಏಳನೆಯ ತಿಂಗಳಲ್ಲಿ, ತೋಟದಲ್ಲಿ ಕೆಸುವಿನ ಗೆಡ್ಡೆ ಕೀಳುತ್ತಿದ್ದಾಗಲೇ ನೋವು ಬಂತು. ಪಟ್ಟಣ ಮುಟ್ಟುವಷ್ಟು ಹೊತ್ತಿರಲಿಲ್ಲ. ದವಾಖಾನೆಯಲ್ಲಿ ಫ್ರೀಡಾ ಆ ಪುಟ್ಟ ಹೆಣ್ಣುಕೂಸನ್ನು ತಾಯಿಯ ಎದೆಗೆ ಒತ್ತಿ ಬಟ್ಟೆ ಸುತ್ತಿದಳು. ಉಸಿರಿಗಾಗಿ ಒದ್ದಾಡಿ ಒದ್ದಾಡಿ ಕೂಸು ತಣ್ಣಗಾಯಿತು.

ಮಣ್ಣು ಮಾಡಿದ ಮೂರನೆಯ ದಿನ ಒಲೆಯ ಮುಂದೆ ಕೂತ ಮರಿಯೆಟಾ ನಿಟ್ಟುಸಿರಿಟ್ಟಳು. "ಆ ಗಂಡುಮಗೂನೂ ಹಿಂಗೇ ಅಲ್ವೇನೆ ಹೋಗಿದ್ದು?"

ಜುನಿತಾ ಅವಳತ್ತ ತಿರುಗಿದಳು. "ಅತ್ತೆ... ನಿಮಗೆ ಗೊತ್ತಿತ್ತಾ?"

"ಮದುವೆಗೆ ಮುಂಚೇನೇ ಯಾರೋ ಹೇಳಿದ್ರು. ದವಾಖಾನೇಲಿ ಅಷ್ಟು ಜನರ ಮುಂದೆ ಹೇಳಿ ನನ್ನ ಮಗನ ಮಾನ ಕಳೀಲಾ?"

ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಸೆಲ್ವಿನ್ ತಲೆ ಎತ್ತಲಿಲ್ಲ.

"ನಿಮಗೂ ಗೊತ್ತಿತ್ತೇನ್ರೀ?"

"ಬಿಡು ಈಗ. ಆಗಿದ್ದಾಯ್ತು."

ಹಾಲು ಕಟ್ಟಿ ಎದೆ ಸಿಡಿಯುತ್ತಿತ್ತು. ಜುನಿತಾ ಎದ್ದು, ಯಾರಿಗೂ ಹೇಳದೆ ದೋಣಿ ನೀರಿಗೆ ತಳ್ಳಿ, ಫ್ರೀಡಾಳ ಬಾಗಿಲಿಗೆ ಹೋಗಿ ಎಲ್ಲ ಹೇಳಿದಳು. ಫ್ರೀಡಾ ಬೈಯಲಿಲ್ಲ. "ಅವತ್ತು ನಾನು ನಿನ್ನೊಬ್ಬಳನ್ನೇ ಒಳಗೆ ಕರೆದು ಕೇಳಬೇಕಿತ್ತು," ಎಂದಳು.

ಆ ಮಾತು ಜುನಿತಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.