ಛೀಯಣ್ಣ ಕುಡಿದ ಎಂಜಲು ನೀರು

ಬೀದಿಯವರು ಅವನಿಗೆ ಛೀಯಣ್ಣ ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅವನದು ಕನ್ನಡಕ ರಿಪೇರಿ ಅಂಗಡಿ. ಊರವರ ಮೂಗಿನ ಜಿಡ್ಡು, ಕಿವಿಯ ಹಿಂದಿನ ಬೆವರು, ಗಾಜಿನ ಮೇಲೆ ಒಣಗಿದ ಸೀನಿನ ಹನಿ, ಎಲ್ಲ ಬಂದು ಸೇರುವುದು ಅವನ ಬೆರಳಿಗೇ. ಕನ್ನಡಕ ಬಿಚ್ಚಿದಾಗಲೆಲ್ಲ ಒಂದು ಛೀ. ಆ ಛೀ ಅಂಗಡಿಯ ಹೊಸ್ತಿಲು ದಾಟಿ ಮನೆಗೂ ಬಂತು. ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡದೆ ಅವನು ಬಾಯಿಗಿಟ್ಟವನಲ್ಲ. ಇನ್ನೊಬ್ಬರ ಎಂಜಲನ್ನಂತೂ ಮದುವೆಯ ಹೊಸತರಲ್ಲೂ ಮುಟ್ಟಿದವನಲ್ಲ. "ಇವರಿಗೆ ದೇವರು ನಾಲಿಗೆ ಇಡೋ ಜಾಗದಲ್ಲೂ ಮೂಗೇ ಇಟ್ಟಿದಾನೆ" ಎನ್ನುತ್ತಿದ್ದಳು ತೀರಿಹೋದ ಹೆಂಡತಿ.

ಅಂಥವನ ಪಾಲಿಗೆ ಮಕ್ಕಳ ವಾರ್ಡು ಬಂತು. ಮಗಳ ಮಗಳು, ಐದು ವರ್ಷದ ಪುಟ್ಟಿಗೆ ಟಾನ್ಸಿಲ್ ತೆಗೆಸಬೇಕಿತ್ತು. ಮಗಳ ಮಡಿಲಲ್ಲಿ ಹಸುಗೂಸು, ಅಳಿಯನಿಗೆ ರಜೆಯಿಲ್ಲ. ತಾತನೇ ಕೂರಬೇಕಾಯಿತು.

ಕೂರುವುದಾದರೂ ಎಲ್ಲಿ? ನೆಲಕ್ಕಿಂತ ನೆಲ ಒರೆಸುವ ಬಟ್ಟೆಯೇ ಕೊಳಕು. ಕಕ್ಕಸಿನ ಚಿಲಕ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಮಂಚದ ಕಂಬಿಗೆ ಯಾರೋ ಅಗಿದ ಚೂಯಿಂಗ್ ಗಮ್ ಮೆತ್ತಿಹೋಗಿದ್ದರು, ಹಲ್ಲಿನ ಗುರುತಿನ ಸಮೇತ. ಛೀಯಣ್ಣ ಕುರ್ಚಿಯ ತುದಿಯಲ್ಲಿ, ಮುಳ್ಳಿನ ಮೇಲೆ ಕೂತಂತೆ ಕೂತ.

ಆಪರೇಷನ್ ಮುಗಿದು ಎಚ್ಚರವಾದ ಪುಟ್ಟಿ ಒದ್ದಾಡಿ ಕೈಯ ಸೂಜಿ ಕಿತ್ತುಕೊಂಡಳು, ತಾತನ ಮಡಿಲ ತುಂಬ ಕಂದು ಬಣ್ಣದ ವಾಂತಿ ಮಾಡಿದಳು.

"ಹೆದರ್ಬೇಡಿ ತಾತ, ನುಂಗಿದ್ದ ಹಳೇ ರಕ್ತ. ಕೆಂಪಗೆ ಬಂದ್ರೆ ತಕ್ಷಣ ಕರೀರಿ" ಎಂದಳು ನರ್ಸಮ್ಮ.

"ಹೆದರಿಕೆ ಅಲ್ಲಮ್ಮ, ಹೇಸಿಗೆ" ಎಂದ ಛೀಯಣ್ಣ, ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

ನರ್ಸಮ್ಮ ನೋವಿನ ಔಷಧಿ ಕುಡಿಸಿ, "ಸಂಜೆಯೊಳಗೆ ನೀರು ಕುಡೀಲಿ. ಇಲ್ಲಾಂದ್ರೆ ಮತ್ತೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕ್ಬೇಕು" ಎಂದು ಹೋದಳು. ಪುಟ್ಟಿ ತಾತನ ಅಂಗಿ ಹಿಡಿದುಕೊಂಡಳು. ಬೆಳಿಗ್ಗೆ ಸೂಜಿ ಹಾಕುವಾಗ ಅವಳನ್ನು ಇಬ್ಬರು ಹಿಡಿದುಕೊಂಡಿದ್ದರು. ಇನ್ನು ಚುಚ್ಚಲು ಬಿಡುವುದಿಲ್ಲವೆಂದು ತಾತ ಮಾತು ಕೊಟ್ಟಿದ್ದ.

ಆಸ್ಪತ್ರೆಯ ಲೋಟವನ್ನು ಹಾಗೇ ಕೊಟ್ಟಿದ್ದರೆ ಕುಡಿಯುತ್ತಿದ್ದಳೇನೋ. ಆದರೆ ಹುಟ್ಟುಗುಣ ಬಿಡಬೇಕಲ್ಲ. ಅಂಗಡಿಯಿಂದ ತಂದಿದ್ದ ಗಾಜು ತೊಳೆಯುವ ಸೋಪಿನಲ್ಲಿ ಲೋಟವನ್ನು ಕಿರ್ ಎನ್ನುವಂತೆ ಉಜ್ಜಿ ನೀರು ತಂದ. ಪುಟ್ಟಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮತ್ತೆ ಲೋಟಕ್ಕೇ ಬಿಟ್ಟಳು.

"ಛೀ, ಸೋಪು."

ಚೆನ್ನಾಗಿ ತೊಳೆದು ಬೇರೆ ನೀರು ತಂದ. ಅವಳು ಥೇಟ್ ತಾತನ ಹಾಗೆ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಒಂದು ಗುಟುಕು ಎಳೆದು, ಗಂಟಲು ಉರಿದು, ಅದನ್ನೂ ವಾಪಸ್ ಬಿಟ್ಟಳು.

"ಇದೂ ಛೀ."

"ಚೊಕ್ಕವಾಗಿದೆ ಮಗಾ."

"ಹಂಗಾದ್ರೆ ನೀನು ಕುಡಿ."

ಕಲಿಸಿದ ವಿದ್ಯೆ ಕಲಿಸಿದವನ ಕುತ್ತಿಗೆಗೇ ಬಂತು. ಛೀಯಣ್ಣ ಲೋಟದೊಳಗೆ ನೋಡಿದ. ಜೊಲ್ಲಿನ ಎಳೆಯೊಂದು ನಿಧಾನವಾಗಿ ತಿರುಗುತ್ತಿತ್ತು. ಅದರ ತುದಿಗೆ ಕಂದು ಚುಕ್ಕೆ. ಬಾಗಿಲಲ್ಲಿ ನರ್ಸಮ್ಮ ಸೂಜಿಯ ಟ್ರೇ ಹಿಡಿದು ನಿಂತಿದ್ದಳು.

ಕಣ್ಣು ಮುಚ್ಚಿ ಕುಡಿದ.

ಮುಖ ಹಿಂಡಿದ ನಿಂಬೆಹಣ್ಣಾಯಿತು. ಭುಜ ಕಿವಿಯವರೆಗೆ ಏರಿತು. ಪುಟ್ಟಿ ನಕ್ಕಳು, ನೋವಿಗೆ ಗಂಟಲು ಹಿಡಿದುಕೊಂಡಳು, ಮತ್ತೆ ನಕ್ಕಳು.

"ಹೆಂಗಿದೆ ತಾತ?"

"ಹೊಲಸು."

"ಇನ್ನೊಂದ್ಸಲ ಕುಡಿ."

"ಮೊದಲು ನೀನು ನುಂಗು. ನುಂಗಿ ಉಳಿಸಿದ್ರೆ ಮಾತ್ರ ನಾನು ಕುಡಿಯೋದು."

ಪುಟ್ಟಿ ಯೋಚಿಸಿದಳು. ಆ ಮುಖ ಇನ್ನೊಮ್ಮೆ ನೋಡಬೇಕಿತ್ತು. ಹೊಸ ನೀರು ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಒಂದು ಗುಟುಕು ನುಂಗಿದಳು, ಉಳಿದದ್ದನ್ನು ತಾತನ ಮುಂದೆ ಹಿಡಿದಳು. ಮತ್ತೊಂದು. ಮಗದೊಂದು. ನರ್ಸಮ್ಮ ಟ್ರೇ ಸಮೇತ ಹಿಂತಿರುಗಿದಳು.

ಸಂಜೆ ಮಗಳ ಫೋನು ಬಂತು. "ಅಪ್ಪಾ, ನೀರು ಕುಡಿದ್ಲಾ?"

"ಕುಡಿದ್ಲು. ನನಗಿಂತ ಸ್ವಲ್ಪ ಕಮ್ಮಿ" ಎಂದ ಛೀಯಣ್ಣ, ಫೋನಿಟ್ಟು ಬಾಯಿ ಮುಕ್ಕಳಿಸಲು ಓಡಿದ. ನಲ್ಲಿಯೂ ಅಂಟುತ್ತಿತ್ತು. ಛೀ.